ಕಾಲೇಜಿನ ಪದಗಳು, ಟ್ಯೂಟರ್ ಸಲಹೆ: ಕಾಸರಗೋಡಿನ ಡಿಗ್ರಿ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಸ್ ಟು ಮುಗಿಸಿ ಡಿಗ್ರಿಗೆ ಸೇರಿದ ಮಕ್ಕಳು ಮೊದಲ ಎರಡು ತಿಂಗಳು ನನ್ನ ಮೇಜಿನ ಹತ್ತಿರ ನಿಂತು ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಅಪ್ಪ ಅಮ್ಮಂದಿರು ಕೇಳಿದ್ದಾರೆ. ನಾನು ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಒಂದು ಕ್ಲಾಸಿನ ಟ್ಯೂಟರ್ ಕೂಡಾ, ಅಂದರೆ ಆ ಕ್ಲಾಸಿನ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ನನ್ನದು. ನಮ್ಮ ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರುತ್ತಾರೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ ಮಾತಾಡುತ್ತಾರೆ. ಕಾಲೇಜಿಗೆ ಬಂದರೆ ನೋಟಿಸ್ ಬೋರ್ಡಿನಲ್ಲಿ ಅರ್ಧ ಇಂಗ್ಲಿಷ್, ಅರ್ಧ ಮಲಯಾಳಂ. ಓದುವ ವಿಷಯಕ್ಕಿಂತ ಈ ಪದಗಳೇ ಅವರನ್ನು ಜಾಸ್ತಿ ಹೆದರಿಸುತ್ತವೆ. ಗೊತ್ತಿಲ್ಲ ಅಂತ ಹೇಳಲು ನಾಚಿಕೆಪಟ್ಟು ಸುಮ್ನೆ ಇದ್ದುಬಿಡುತ್ತಾರೆ. ಆ ಮೌನದಿಂದ ಆಗುವ ನಷ್ಟವನ್ನು ವರ್ಷ ವರ್ಷವೂ ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿರುವ ಲೆಕ್ಕಗಳು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳದ್ದು. ಮಂಗಳೂರಿಗೆ ಹೋಗುವವರಿಗೆ ಮುಂದೆ ಬೇರೆಯಾಗಿ ಹೇಳಿದ್ದೇನೆ.

ಸೆಮಿಸ್ಟರ್ ಅಂದರೆ ಆರು ತಿಂಗಳಾ?

ಹೆಸರಿಗೆ ಅರ್ಧ ವರ್ಷ. ಪಾಠ ನಡೆಯುವುದು ಸುಮಾರು 90 ದಿನ. ಓಣಂ ರಜೆ, ಮಳೆಯ ರಜೆ, ಕಾಲೇಜು ಇಲೆಕ್ಷನ್ ಎಲ್ಲ ಕಳೆದು ನೋಡಿದರೆ ಪರೀಕ್ಷೆ ಬಹಳ ಹತ್ತಿರ ಇರುತ್ತದೆ. ಪ್ಲಸ್ ಟುವಿನ ಹಾಗೆ ಜನವರಿಯಿಂದ ಓದಲು ಶುರು ಮಾಡೋಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಡಿಗ್ರಿ ಈಗ ನಾಲ್ಕು ವರ್ಷ ಅಂತೆ. ಮೂರು ವರ್ಷಕ್ಕೆ ಬಿಟ್ಟರೆ ಡಿಗ್ರಿ ಸಿಗುವುದಿಲ್ಲವಾ?

ಸಿಗುತ್ತದೆ. ಈ ಹೆದರಿಕೆಯಿಂದ ಹೆಣ್ಣುಮಕ್ಕಳನ್ನು ಕಾಲೇಜಿಗೇ ಕಳಿಸದ ಮನೆಗಳಿವೆ. ಅದಕ್ಕೇ ಇದನ್ನು ಸ್ಪಷ್ಟವಾಗಿ ಹೇಳಬೇಕು. ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ 2024ರ ಜುಲೈ 1ರಂದು ಶುರುವಾಯಿತು. ಎಫ್‌ವೈಯುಜಿಪಿ ಅಂತ ಬರೆದಿರುವುದು ಇದನ್ನೇ. ಇದರಲ್ಲಿ ಮೂರು ವರ್ಷ ಓದಿ 133 ಕ್ರೆಡಿಟ್ (ಅದೇನು ಅಂತ ಕೆಳಗೆ ಹೇಳಿದ್ದೇನೆ) ಆದರೆ ಮಾಮೂಲಿ ಡಿಗ್ರಿ ಕೈಗೆ ಬರುತ್ತದೆ. ಬಿ.ಎಡ್‌ಗೂ, ಸರಕಾರಿ ಕೆಲಸಕ್ಕೆ ಜನರನ್ನು ಆರಿಸುವ ಪಿಎಸ್‌ಸಿಗೂ ಅದು ಡಿಗ್ರಿಯೇ. ಇನ್ನೊಂದು ವರ್ಷ ಇದ್ದು 177 ಕ್ರೆಡಿಟ್ ಮಾಡಿದರೆ ಆನರ್ಸ್ ಡಿಗ್ರಿ. ನಾಲ್ಕನೇ ವರ್ಷ ಬೇಕೋ ಬೇಡವೋ ಅಂತ ಸೇರುವ ದಿನ ತೀರ್ಮಾನ ಮಾಡಬೇಕಾಗಿಲ್ಲ.

ಆನರ್ಸ್‌ನಲ್ಲೇ ರಿಸರ್ಚ್ ಸೇರಿದ ದಾರಿ ಒಂದಿದೆ. ಅದಕ್ಕೆ ಮೊದಲ ಆರು ಸೆಮಿಸ್ಟರಿನಲ್ಲಿ 75 ಶೇಕಡಾ ಬೇಕು. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಶೇಕಡಾ ಇದ್ದವರು ಎಂ.ಎ., ಎಂ.ಎಸ್ಸಿ. ಮಾಡದೆ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಅಂತ, ವಿಶ್ವವಿದ್ಯಾಲಯಗಳ ಮೇಲಿರುವ ಕೇಂದ್ರದ ಆಯೋಗವಾದ ಯುಜಿಸಿಯ 2022ರ ನಿಯಮ ಹೇಳುತ್ತದೆ. ಪಾಠ ಹೇಳುವ ಆಸೆ, ಸಂಶೋಧನೆಯ ಆಸೆ ಇರುವವರು ಇದನ್ನು ಮೊದಲ ವರ್ಷವೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೂರನೇ ವರ್ಷ ಗೊತ್ತಾದರೆ ಮೊದಲ ಸೆಮಿಸ್ಟರಿನ ಮಾರ್ಕನ್ನು ಹಿಂದೆ ಹೋಗಿ ತರಲಾಗುವುದಿಲ್ಲ.

ಕ್ರೆಡಿಟ್ ಅಂದರೆ ಮಾರ್ಕಾ?

ಅಲ್ಲ. ಮಾರ್ಕು ನೀವು ಎಷ್ಟು ಚೆನ್ನಾಗಿ ಬರೆದಿರಿ ಅನ್ನುವುದನ್ನು ಹೇಳುತ್ತದೆ. ಕ್ರೆಡಿಟ್ ಆ ಪೇಪರಿನ ತೂಕ ಎಷ್ಟು ಅನ್ನುವುದನ್ನು ಹೇಳುತ್ತದೆ. ಒಂದು ಸೆಮಿಸ್ಟರಿನಲ್ಲಿ 15 ಗಂಟೆ ಪಾಠ ಆದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ 30 ಗಂಟೆಗೆ ಒಂದು. ಹಾಗಾಗಿ 4 ಕ್ರೆಡಿಟ್‌ನ ಥಿಯರಿ ಪೇಪರ್ ಅಂದರೆ 60 ಗಂಟೆಯ ಪಾಠ. ಪಾಸಾದರೆ ಆ 4 ಕ್ರೆಡಿಟ್ ನಿಮ್ಮ ಖಾತೆಗೆ ಬರುತ್ತದೆ. 40 ಮಾರ್ಕು ತೆಗೆದವನಿಗೂ 90 ತೆಗೆದವನಿಗೂ ಬರುವುದು ಅದೇ 4. ಫೇಲಾದರೆ ಸೊನ್ನೆ.

133 ಹೇಗೆ ಬರುತ್ತದೆ ಅಂತ ನಾನು ಬೋರ್ಡಿನ ಮೇಲೆ ಬರೆದು ತೋರಿಸುವುದುಂಟು. ಮೇಜರಿನ, ಅಂದರೆ ನಿಮ್ಮ ಮುಖ್ಯ ವಿಷಯದ, 17 ಪೇಪರ್, ತಲಾ 4, ಒಟ್ಟು 68. ಮೈನರಿನ, ಅಂದರೆ ಜೊತೆಗೆ ಓದುವ ವಿಷಯಗಳ, 6 ಪೇಪರ್, ತಲಾ 4, ಒಟ್ಟು 24. ಉಳಿದ ಸಣ್ಣ ಪೇಪರುಗಳು 13, ತಲಾ 3, ಒಟ್ಟು 39. ಇಂಟರ್ನ್‌ಶಿಪ್‌ಗೆ 2. ಕೂಡಿಸಿ ನೋಡಿ. ಇಷ್ಟು ಗೊತ್ತಾದರೆ ಡಿಗ್ರಿಯ ಇಡೀ ನಕ್ಷೆ ಕಣ್ಣ ಮುಂದೆ ಬಂತು ಅಂತ ಲೆಕ್ಕ. ಆ ಎರಡು ಕ್ರೆಡಿಟ್‌ನ ಇಂಟರ್ನ್‌ಶಿಪ್ಪನ್ನು ಮಾತ್ರ ತುಂಬಾ ಮಕ್ಕಳು ಮರೆಯುತ್ತಾರೆ. ಅದಿಲ್ಲದೆ 131ಕ್ಕೇ ನಿಂತರೆ ಡಿಗ್ರಿ ಆಗುವುದಿಲ್ಲ.

ಡಿಎಸ್‌ಸಿ, ಎಂಡಿಸಿ, ಎಇಸಿ, ಎಸ್‌ಇಸಿ, ವಿಎಸಿ. ಇದೆಲ್ಲ ಏನು?

ಡಿಎಸ್‌ಸಿ ಅಂದರೆ ನಿಮ್ಮ ವಿಷಯದ ಪೇಪರ್. ಮೇಜರೂ ಮೈನರೂ ಇದರಲ್ಲೇ ಬರುತ್ತವೆ. ಎಂಡಿಸಿ ಬೇರೆ ವಿಭಾಗದ ರುಚಿ ನೋಡುವ ಪೇಪರ್, ಇದು ಮೂರು ಇರುತ್ತದೆ. ಎಇಸಿ ಭಾಷೆಯ ಪೇಪರ್. ಎರಡು ಇಂಗ್ಲಿಷ್, ಎರಡು ನೀವು ಆರಿಸಿಕೊಂಡ ಭಾಷೆ. ಎಸ್‌ಇಸಿ ಕೆಲಸಕ್ಕೆ ಬೇಕಾದ ಕೌಶಲ ಕಲಿಸುವ ಪೇಪರ್. ವಿಎಸಿ ಪರಿಸರ, ಸಂವಿಧಾನ, ಮೌಲ್ಯ ಇಂಥ ವಿಷಯಗಳದ್ದು.

ಮೊದಲ ಸೆಮಿಸ್ಟರಿನಲ್ಲಿ ಸಾಮಾನ್ಯವಾಗಿ ಆರು ಪೇಪರ್. 4 ಕ್ರೆಡಿಟ್‌ನ ಮೂರು, 3 ಕ್ರೆಡಿಟ್‌ನ ಮೂರು, ಒಟ್ಟು 21. ಹಳೆಯ ಬ್ಯಾಚಿನ ಅಕ್ಕ ಅಣ್ಣಂದಿರು ಕೋರ್, ಕಾಂಪ್ಲಿಮೆಂಟರಿ, ಓಪನ್ ಕೋರ್ಸ್ ಅಂತ ಹೇಳಿದರೆ ಗೊಂದಲ ಮಾಡಿಕೊಳ್ಳಬೇಡಿ. ಅದು 2024ಕ್ಕೆ ಮುಂಚಿನ ಪದ್ಧತಿಯ ಮಾತು.

ಮೇಜರ್, ಮೈನರ್ ಆರಿಸುವುದು ಹೇಗೆ? ತಪ್ಪಿ ಆರಿಸಿದರೆ ಬದಲಾಯಿಸಬಹುದಾ?

ನನ್ನ ಹತ್ತಿರ ಮಕ್ಕಳು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೇ ದೊಡ್ಡದು. ಆದರೆ ಕೇಳುವವರು ಕಡಿಮೆ. ಹೆಚ್ಚಿನವರು ಜೊತೆಗೆ ಬಸ್ಸಿನಲ್ಲಿ ಬರುವ ಗೆಳತಿ ಯಾವುದನ್ನು ತೆಗೆದುಕೊಂಡಳೋ ಅದಕ್ಕೇ ಟಿಕ್ ಹಾಕಿ ಬರುತ್ತಾರೆ.

ಮೇಜರ್ ನಿಮ್ಮ ಡಿಗ್ರಿಯ ಹೆಸರು. ಮುಂದೆ ಕೆಲಸದ ಅರ್ಜಿಯಲ್ಲಿ ಬರೆಯುವುದು ಅದನ್ನು. ಮೊದಲ ಎರಡು ಸೆಮಿಸ್ಟರಿನಲ್ಲಿ ಮೇಜರಿನ ಜೊತೆ ಇನ್ನೆರಡು ವಿಷಯ ಓದುತ್ತೀರಿ. ಎರಡನೇ ಸೆಮಿಸ್ಟರ್ ಮುಗಿದಾಗ, ಆ ವಿಭಾಗದಲ್ಲಿ ಸೀಟು ಇದ್ದರೆ, ಮೇಜರನ್ನು ಬದಲಾಯಿಸಲು ಅವಕಾಶ ಉಂಟು. ಆದರೆ ನೀವು ಆ ಎರಡು ಸೆಮಿಸ್ಟರಿನಲ್ಲಿ ಓದಿದ ವಿಷಯಕ್ಕೆ ಮಾತ್ರ ಹೋಗಬಹುದು. ಕೆಮಿಸ್ಟ್ರಿಯಲ್ಲಿ ಇದ್ದವರು ಮುಟ್ಟಿಯೇ ನೋಡದ ಇಕನಾಮಿಕ್ಸಿಗೆ ಹಾರುವುದು ಆಗುವುದಿಲ್ಲ. ಆದ್ದರಿಂದ ಜೊತೆಯ ಎರಡು ವಿಷಯಗಳನ್ನು ಆರಿಸುವಾಗಲೇ ಯೋಚನೆ ಮಾಡಿ. ಮೇಜರ್ ಸರಿ ಬರದಿದ್ದರೆ ಇದರಲ್ಲಿ ಯಾವುದಕ್ಕೆ ಹೋಗಲು ನನಗೆ ಇಷ್ಟ? ಕನಿಷ್ಠ ಒಂದಾದರೂ ಅಂಥದ್ದು ಇರಲಿ.

ಕೆಲಸದ ಕಡೆಯಿಂದಲೂ ನೋಡಬೇಕು. ಹೈಸ್ಕೂಲ್ ಟೀಚರ್ ಆಗಬೇಕು ಅನ್ನುವವರು ನಮ್ಮಲ್ಲಿ ಜಾಸ್ತಿ. ಅದಕ್ಕೆ ಆ ವಿಷಯದಲ್ಲೇ ಡಿಗ್ರಿ, ಆಮೇಲೆ ಬಿ.ಎಡ್, ಆಮೇಲೆ ಕೆ-ಟೆಟ್ ಅನ್ನುವ ಟೀಚರ್ ಅರ್ಹತಾ ಪರೀಕ್ಷೆ. ಗಣಿತ ಟೀಚರ್ ಆಗುವ ಆಸೆ ಇಟ್ಟುಕೊಂಡು ಸೀಟು ಸಿಕ್ಕಿತು ಅಂತ ಬೇರೆ ಮೇಜರಿಗೆ ಸೇರಿ, ಮೂರು ವರ್ಷ ಆದ ಮೇಲೆ ಬಂದು ಅತ್ತವರನ್ನು ಕಂಡಿದ್ದೇನೆ. ಆವಾಗ ನಾನು ಏನು ಹೇಳಲಿ? ಮೊದಲ ತಿಂಗಳು ಐದು ನಿಮಿಷ ಕೂತು ಮಾತಾಡಿದ್ದರೆ ಸಾಕಿತ್ತು.

ಎರಡನೇ ಭಾಷೆಯಾಗಿ ಕನ್ನಡ ತೆಗೆದುಕೊಂಡರೆ ಪ್ರಯೋಜನ ಇದೆಯಾ, ಅಥವಾ ಹಿಂದಿ ಒಳ್ಳೆಯದಾ?

ಕನ್ನಡ ಟೀಚರ್ ಆದ ಕಾರಣ ಹೇಳುತ್ತಾರೆ ಅಂದುಕೊಳ್ಳಬೇಡಿ, ನಾನು ಪಾಠ ಮಾಡುವುದು ಬೇರೆ ವಿಷಯ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲೂ, ಗೋವಿಂದ ಪೈಗಳ ಹೆಸರಿನ ಮಂಜೇಶ್ವರದ ಸರಕಾರಿ ಕಾಲೇಜಿನಲ್ಲೂ ಕನ್ನಡ ತೆಗೆದುಕೊಳ್ಳಬಹುದು. ಕಾಸರಗೋಡು ಕಾಲೇಜಿನಲ್ಲಿ ಕನ್ನಡ ಬಿ.ಎ., ಎಂ.ಎ. ಎರಡೂ ಇವೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕನ್ನಡ ವಿಭಾಗ ಇದೆ.

ಕೆಲಸದ ಮಾತು ಹೇಳುವುದಾದರೆ, ಕಾಸರಗೋಡು ಜಿಲ್ಲೆಗೆ ಕೇರಳ ಪಿಎಸ್‌ಸಿ ಕನ್ನಡವೂ ಮಲಯಾಳವೂ ಬಲ್ಲವರಿಗೆ ಅಂತ ಬೇರೆಯೇ ಕ್ಲಾರ್ಕ್ ಹುದ್ದೆ ಕರೆಯುತ್ತದೆ. ಕನ್ನಡ ಮಾಧ್ಯಮ ಶಾಲೆಗಳಿಗೆ ಗಣಿತ, ವಿಜ್ಞಾನ, ಸಮಾಜ ಟೀಚರ್ ಹುದ್ದೆಗಳನ್ನೂ ಕರೆಯುತ್ತದೆ. ಹತ್ತು ವರ್ಷ ಓದಿದ ಭಾಷೆಯನ್ನು ಡಿಗ್ರಿಗೆ ಬಂದ ಕೂಡಲೇ ಬಿಟ್ಟುಬಿಟ್ಟರೆ ಬರೆಯುವ ಕೈ ಹೋಗುತ್ತದೆ. ಅದರ ಜೊತೆ ಮಲಯಾಳಂ ಓದಲು ಕಲಿಯಿರಿ. ಎರಡೂ ಬೇಕು.

ನೋಟಿಸ್ ಮಲಯಾಳಂನಲ್ಲಿ ಇರುತ್ತದೆ. ಏನು ಮಾಡುವುದು?

ಇಲ್ಲಿ ನನ್ನದೇ ಕತೆ ಹೇಳುತ್ತೇನೆ. ನಾನು ಡಿಗ್ರಿ ಓದುತ್ತಿದ್ದಾಗ ಒಂದು ಪೇಪರಿನಲ್ಲಿ ಮಾರ್ಕು ಕಡಿಮೆ ಬಂದು ಇಂಪ್ರೂವ್‌ಮೆಂಟ್ ಬರೆಯಬೇಕು ಅಂತಿದ್ದೆ. ಬೋರ್ಡಿನಲ್ಲಿ ಕಾಗದ ಅಂಟಿಸಿದ್ದರು. ನನಗೆ ಅಂಕಿಗಳು ಮಾತ್ರ ಓದಲು ಬರುತ್ತಿತ್ತು. ಅದರಲ್ಲಿ ಎರಡು ತಾರೀಕು ಇತ್ತು. ಎರಡನೆಯದು ಕೊನೆಯ ದಿನ ಅಂದುಕೊಂಡು ಅಪ್ಪ ಅಡಿಕೆ ಮಾರಿ ದುಡ್ಡು ಕೊಡುವವರೆಗೆ ಕಾದೆ. ಆ ದಿನ ಹೋದಾಗ ದಂಡ ಸೇರಿಸಿ ಕಟ್ಟಬೇಕು ಅಂದರು. ನನ್ನ ಕೈಯಲ್ಲಿ ಇದ್ದದ್ದು ಫೀಸಿನಷ್ಟೇ ದುಡ್ಡು. ಕೌಂಟರಿನಲ್ಲಿದ್ದವರು ಬೋರ್ಡಿನಲ್ಲಿ ಬರೆದಿದೆಯಲ್ಲ ಅಂತ ಹೇಳಿ ಕಿಟಕಿ ಮುಚ್ಚಿದರು. ಓದಲು ಬರುವುದಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಪೇಪರಿನ ಕಡಿಮೆ ಮಾರ್ಕು ಇವತ್ತಿಗೂ ನನ್ನ ಮಾರ್ಕ್ ಲಿಸ್ಟಿನಲ್ಲಿ ಇದೆ.

ಆದ ಕಾರಣ ಈ ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದಲ್ಲಿ ಇಟ್ಟುಕೊಳ್ಳಿ. ಕೆಲವು ನೋಡಲು ಕನ್ನಡದ ಹಾಗೆಯೇ ಇರುತ್ತವೆ, ಅರ್ಥ ಬೇರೆ. ಅವೇ ಜಾಸ್ತಿ ಮೋಸ ಮಾಡುವುದು.

‘ಅಪೇಕ್ಷ’ ಅಂದರೆ ಅರ್ಜಿ. ನಮ್ಮ ಅಪೇಕ್ಷೆ ಅಲ್ಲ. ‘ವಿಜ್ಞಾಪನಂ’ ಅಂದರೆ ಅಧಿಸೂಚನೆ, ನೋಟಿಫಿಕೇಶನ್. ನಮ್ಮ ವಿಜ್ಞಾಪನೆ, ಅಂದರೆ ಬೇಡಿಕೆ, ಅಲ್ಲ. ‘ಅವಸಾನ ತೀಯತಿ’ ಅಂದರೆ ಕೊನೆಯ ತಾರೀಕು. ಮೊದಲ ಸಲ ಕೇಳಿದ ಕನ್ನಡದ ಮಕ್ಕಳು ಗಾಬರಿಯಾಗುತ್ತಾರೆ, ಯಾಕೆಂದರೆ ನಮ್ಮಲ್ಲಿ ಅವಸಾನ ಅಂದರೆ ಸಾವು. ‘ಪಿಳ’ ಅಂದರೆ ದಂಡ, ಫೈನ್. ‘ಪಿಳಯಿಲ್ಲಾದೆ’ ಅಂತ ಒಂದು ತಾರೀಕು, ‘ಪಿಳಯೋಡು ಕೂಡಿ’ ಅಂತ ಇನ್ನೊಂದು ತಾರೀಕು ಇರುತ್ತದೆ. ನಾನು ಅಂದು ಓದಲಾಗದೆ ಹೋದದ್ದು ಈ ಎರಡು ಮಾತುಗಳನ್ನೇ. ‘ಹಾಜರ್’ ನಮ್ಮ ಹಾಜರಿಯೇ. ‘ಪರೀಕ್ಷಾಫಲಂ’ ರಿಸಲ್ಟ್. ‘ಪುನರ್‌ಮೂಲ್ಯನಿರ್ಣಯಂ’ ರೀವ್ಯಾಲ್ಯುವೇಶನ್. ‘ಸೂಕ್ಷ್ಮಪರಿಶೋಧನ’ ಸ್ಕ್ರೂಟಿನಿ. ‘ಉತ್ತರಕ್ಕಡಲಾಸ್’ ಉತ್ತರ ಪತ್ರಿಕೆ.

ಮತ್ತೊಂದು ವಿಷಯ. ಮೊಬೈಲಿನಲ್ಲಿ ನೋಟಿಸಿನ ಫೋಟೋ ತೆಗೆದು ಟ್ಯೂಟರಿಗೆ ತೋರಿಸಿ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹೇಳಿದ್ದನ್ನು ಮಾತ್ರ ನಂಬಬೇಡಿ.

ಇಂಟರ್ನಲ್ ಮಾರ್ಕು ಟೀಚರ್ ಮನಸ್ಸಿಗೆ ಬಂದ ಹಾಗೆ ಹಾಕುವುದಾ?

ಇಲ್ಲ. 4 ಕ್ರೆಡಿಟ್‌ನ ಥಿಯರಿ ಪೇಪರಿಗೆ 30 ಇಂಟರ್ನಲ್, 70 ಸೆಮಿಸ್ಟರ್ ಕೊನೆಯ ಪರೀಕ್ಷೆ. ಮಾರ್ಕ್ ಲಿಸ್ಟಿನಲ್ಲಿ ಸಿಸಿಎ ಅಂತ ಇದ್ದರೆ ಅದು ಇಂಟರ್ನಲ್, ಇಎಸ್‌ಇ ಅಂತ ಇದ್ದರೆ ಕೊನೆಯ ಪರೀಕ್ಷೆ. ಇಂಟರ್ನಲ್ಲಿಗೆ ಕ್ಲಾಸ್ ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್ ಇಂಥವು ಸೇರುತ್ತವೆ. ವಿಶ್ವವಿದ್ಯಾಲಯಕ್ಕೆ ಕಳಿಸುವ ಮುಂಚೆ ಆ ಮಾರ್ಕುಗಳನ್ನು ನಿಮಗೆ ತೋರಿಸಬೇಕು. ತೋರಿಸಿದಾಗ ಹೆಸರಿನ ಎದುರು ಸಹಿ ಹಾಕಿ ಹೋಗಬೇಡಿ, ಓದಿ ನೋಡಿ. ತಪ್ಪಿದ್ದರೆ ಆವಾಗಲೇ ಹೇಳಿ. ಕೇಳಿದರೆ ಟೀಚರಿಗೆ ಸಿಟ್ಟು ಬರುತ್ತದೆ ಅನ್ನುವ ಹೆದರಿಕೆ ಬೇಡ. ಕೂಡಿಸುವಾಗ ನಮ್ಮಿಂದಲೂ ತಪ್ಪಾಗುತ್ತದೆ.

ಅಟೆಂಡೆನ್ಸ್ ಎಷ್ಟು ಬೇಕು?

75 ಶೇಕಡಾ. 60 ಗಂಟೆಯ ಪೇಪರಿನಲ್ಲಿ 45 ಗಂಟೆ ಕೂತಿರಬೇಕು. ತಪ್ಪಿಸಬಹುದಾದದ್ದು 15 ಗಂಟೆ. ಮನೆಯಲ್ಲಿ ಭೂತದ ಕೋಲ, ಮದುವೆ, ಅಜ್ಜಿಯ ಆಸ್ಪತ್ರೆ, ಮಳೆಗೆ ಬಸ್ಸು ನಿಂತದ್ದು ಎಲ್ಲ ಇದರೊಳಗೆ ಬರಬೇಕು. ಕಡಿಮೆಯಾದರೆ ಕಾಂಡೊನೇಶನ್ ಅಂತ ಅರ್ಜಿ ಹಾಕಿ ಮನ್ನಾ ಕೇಳುವ ದಾರಿ ಇದೆ, ಆದರೆ ಅದು ಹಕ್ಕಲ್ಲ. ಕಾಯಿಲೆ ಬಂದರೆ ಡಾಕ್ಟರ ಚೀಟಿಯನ್ನು ಆ ವಾರವೇ ಕೊಡಿ, ಸೆಮಿಸ್ಟರ್ ಕೊನೆಗೆ ಹುಡುಕಿದರೆ ಸಿಗುವುದಿಲ್ಲ.

ಎಸ್‌ಜಿಪಿಎ ಲೆಕ್ಕ ಹೇಗೆ? ನಾನು ಕೂಡಿಸಿದರೆ ಬೇರೆ ಬರುತ್ತದೆ.

ಕಳೆದ ವರ್ಷ ಒಬ್ಬಳು ಹುಡುಗಿ ನಾಲ್ಕು ಮಡಿಕೆ ಮಾಡಿದ ರಿಸಲ್ಟ್ ಪ್ರಿಂಟ್ ಹಿಡಿದು ಬಂದಳು. ಹಿಂದೆ ಪೆನ್ಸಿಲಿನಲ್ಲಿ ಕೂಡಿಸಿ, ಅಳಿಸಿ, ಮತ್ತೆ ಕೂಡಿಸಿ ಕಾಗದ ತೂತಾಗಿತ್ತು. “ಟೀಚರ್, ನನಗೆ 7.5 ಬರಬೇಕು, ಇದರಲ್ಲಿ 7.43 ಹಾಕಿದ್ದಾರೆ, ಕಂಪ್ಯೂಟರ್ ತಪ್ಪಾ?” ಅಂತ ಕೇಳಿದಳು. ಕಂಪ್ಯೂಟರ್ ಸರಿಯೇ ಇತ್ತು. ಅವಳು ಬಿಟ್ಟದ್ದು ಕ್ರೆಡಿಟ್.

ಮೊದಲು ಗ್ರೇಡನ್ನು ಅಂಕಿ ಮಾಡಬೇಕು. ಓ ಗ್ರೇಡಿಗೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ 0. ಅವಳ 4 ಕ್ರೆಡಿಟ್‌ನ ಮೂರು ಪೇಪರಿನಲ್ಲಿ 8, 7, 6 ಇತ್ತು. 3 ಕ್ರೆಡಿಟ್‌ನ ಮೂರರಲ್ಲಿ 9, 8, 7. ಸುಮ್ನೆ ಆರನ್ನೂ ಕೂಡಿಸಿದರೆ 45, ಆರರಿಂದ ಭಾಗಿಸಿದರೆ 7.5. ಹಾಗೆ ಮಾಡಬಾರದು. ಪ್ರತಿ ಅಂಕಿಯನ್ನೂ ಅದರ ಕ್ರೆಡಿಟ್‌ನಿಂದ ಗುಣಿಸಿ. ದೊಡ್ಡ ಪೇಪರಿನದ್ದು 21ರ ನಾಲ್ಕು ಪಟ್ಟು, 84. ಸಣ್ಣದರದ್ದು 24ರ ಮೂರು ಪಟ್ಟು, 72. ಒಟ್ಟು 156. ಅದನ್ನು 21 ಕ್ರೆಡಿಟ್‌ನಿಂದ ಭಾಗಿಸಿ, 7.43.

ಅವಳಿಗೆ ಲೆಕ್ಕ ಬಂತು. ಆಮೇಲೆ ಅವಳೇ ಹೇಳಿದಳು, “ಹಾಗಾದರೆ ನಾನು ಸಣ್ಣ ಪೇಪರನ್ನು ಚೆಂದ ಓದಿ ದೊಡ್ಡದನ್ನು ಬಿಟ್ಟಿದ್ದೇನೆ.” ಸರಿಯಾದ ಮಾತು. ಒಂದು ಸೆಮಿಸ್ಟರಿನದ್ದು ಎಸ್‌ಜಿಪಿಎ, ಎಲ್ಲ ಸೆಮಿಸ್ಟರ್ ಸೇರಿಸಿ ಸಿಜಿಪಿಎ.

ಸಪ್ಲಿ, ಇಂಪ್ರೂವ್‌ಮೆಂಟ್, ರೀವ್ಯಾಲ್ಯುವೇಶನ್, ಸ್ಕ್ರೂಟಿನಿ. ಯಾವುದು ಯಾವಾಗ?

ಫೇಲಾದ ಪೇಪರನ್ನು ಮತ್ತೆ ಬರೆಯುವುದು ಸಪ್ಲಿ. ಪಾಸಾದದ್ದನ್ನೇ ಮಾರ್ಕು ಜಾಸ್ತಿ ಮಾಡಲು ಬರೆಯುವುದು ಇಂಪ್ರೂವ್‌ಮೆಂಟ್. ಉತ್ತರ ಪತ್ರಿಕೆಯನ್ನು ಇನ್ನೊಬ್ಬರ ಕೈಯಲ್ಲಿ ಮತ್ತೆ ತಿದ್ದಿಸುವುದು ರೀವ್ಯಾಲ್ಯುವೇಶನ್. ಎಲ್ಲ ಉತ್ತರಕ್ಕೂ ಮಾರ್ಕು ಹಾಕಿದ್ದಾರಾ, ಕೂಡಿಸಿದ್ದು ಸರಿಯಾ ಅಂತ ಮಾತ್ರ ನೋಡುವುದು ಸ್ಕ್ರೂಟಿನಿ. ರೀವ್ಯಾಲ್ಯುವೇಶನ್ನಿಗೆ ಹಾಕುವ ಮುಂಚೆ ಉತ್ತರ ಪತ್ರಿಕೆಯ ಫೋಟೋಕಾಪಿ ತರಿಸಿ ಆ ವಿಷಯದ ಟೀಚರಿಗೆ ತೋರಿಸಿದರೆ ಒಳ್ಳೆಯದು. ದುಡ್ಡು ಹಾಕುವುದು ಸಾರ್ಥಕವಾ ಅಂತ ಅವರು ಹೇಳುತ್ತಾರೆ. ಎಲ್ಲಕ್ಕೂ ರಿಸಲ್ಟ್ ಬಂದ ಮೇಲೆ ಕೆಲವೇ ದಿನ ಸಮಯ ಇರುತ್ತದೆ. ರೀವ್ಯಾಲ್ಯುವೇಶನ್ ಹಾಕಿದ್ದೇನೆ ಅಂತ ಸಪ್ಲಿಗೆ ಫೀಸು ಕಟ್ಟದೆ ಕೂರಬೇಡಿ.

ಒಂದು ಸಪ್ಲಿ ಬಂದರೆ ಮಾನ ಹೋಯಿತು ಅಂತ ಮನೆಯಲ್ಲಿ ಮುಚ್ಚಿಡುವ ಮಕ್ಕಳಿದ್ದಾರೆ. ಮುಚ್ಚಿಟ್ಟರೆ ಫೀಸಿಗೆ ದುಡ್ಡು ಕೇಳಲಾಗುವುದಿಲ್ಲ, ದುಡ್ಡಿಲ್ಲದೆ ಪರೀಕ್ಷೆ ತಪ್ಪುತ್ತದೆ, ಒಂದು ಇದ್ದದ್ದು ಮೂರಾಗುತ್ತದೆ. ಮನೆಯಲ್ಲಿ ಹೇಳಲು ಕಷ್ಟವಾದರೆ ಟ್ಯೂಟರಿಗೆ ಹೇಳಿ, ಅವರು ಅಪ್ಪನ ಹತ್ತಿರ ಮಾತಾಡುತ್ತಾರೆ.

ಟ್ಯೂಟರ್, ಫ್ಯಾಕಲ್ಟಿ ಅಡ್ವೈಸರ್, ಎಚ್‌ಒಡಿ. ಯಾರ ಹತ್ತಿರ ಹೋಗುವುದು?

ಮೊದಲು ಟ್ಯೂಟರ್. ಅಡ್ವೈಸರ್ ಅಂತ ಕರೆಯುವ ಕಡೆ ಅವರೇ. ಅಟೆಂಡೆನ್ಸ್, ರಜೆ, ಪೇಪರ್ ಆರಿಸುವುದು, ಮನೆಯ ತೊಂದರೆ, ಎಲ್ಲ ಅವರ ಕೆಲಸದೊಳಗೆ ಬರುತ್ತದೆ. ಅವರಿಂದ ಆಗದಿದ್ದರೆ ವಿಭಾಗದ ಮುಖ್ಯಸ್ಥರು, ಅಂದರೆ ಎಚ್‌ಒಡಿ. ಆಮೇಲೆ ಪ್ರಿನ್ಸಿಪಾಲ್. ಫೀಸು, ಟಿಸಿ, ಸ್ಕಾಲರ್‌ಶಿಪ್ ಆಫೀಸಿನ ಕೆಲಸ.

ಟ್ಯೂಟರ್ ಹತ್ತಿರ ಹೋಗಿ ಏನಂತ ಹೇಳುವುದು? ಇಂಗ್ಲಿಷ್‌ನಲ್ಲಿ ಮಾತಾಡಬೇಕಾ?

ಬೇಡ. ನಿಮಗೆ ಸಲೀಸಾದ ಭಾಷೆಯಲ್ಲಿ ಮಾತಾಡಿ. ಟ್ಯೂಟರಿಗೆ ಕನ್ನಡ ಬರದಿದ್ದರೆ ಗೆಳೆಯನನ್ನು ಕರೆದುಕೊಂಡು ಹೋಗಿ, ಅಥವಾ ಕನ್ನಡ ವಿಭಾಗದ ಮಾಷ್ಟ್ರನ್ನೋ ಟೀಚರನ್ನೋ ಜೊತೆಗೆ ಕೇಳಿ. ಇಂಥ ಸಹಾಯಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ.

ಹೋಗುವಾಗ ಒಂದು ಕಾಗದದಲ್ಲಿ ಮೂರೇ ಪ್ರಶ್ನೆ ಬರೆದುಕೊಂಡು ಹೋಗಿ. ಎದುರು ನಿಂತಾಗ ಮರೆತು ಹೋಗುತ್ತದೆ, ಅಲ್ವಾ? ಮಾರ್ಕ್ ಲಿಸ್ಟ್, ಐಡಿ ಕಾರ್ಡ್ ಕೈಯಲ್ಲಿರಲಿ. “ನನಗೆ ಕ್ಲಾಸ್ ಅರ್ಥ ಆಗುವುದಿಲ್ಲ” ಅಂದರೆ ನಮಗೆ ಏನು ಮಾಡುವುದು ಅಂತ ತೋಚುವುದಿಲ್ಲ. “ಸ್ಟಾಟಿಸ್ಟಿಕ್ಸ್‌ನಲ್ಲಿ ಎರಡನೇ ಯೂನಿಟ್ ಶುರುವಾದ ಮೇಲೆ ಅರ್ಥ ಆಗುವುದಿಲ್ಲ” ಅಂದರೆ ನಾಳೆಯೇ ಒಬ್ಬರನ್ನು ಕೂರಿಸಿ ಹೇಳಿಕೊಡಬಹುದು.

ಒಬ್ಬ ಹುಡುಗ ಇದ್ದ. ಪ್ರತಿ ಸೋಮವಾರ ಮೊದಲ ಗಂಟೆ ತಪ್ಪಿಸುತ್ತಿದ್ದ. ನಾನು ಎರಡು ಸಲ ಬೈದೆ. ಮೂರನೇ ಸಲ ಸ್ಟಾಫ್ ರೂಮಿನ ಹೊರಗೆ ಕರೆದು ಕೇಳಿದಾಗ, ಅಮ್ಮನಿಗೆ ಡಯಾಲಿಸಿಸ್, ಸೋಮವಾರ ಬೆಳಿಗ್ಗೆ ಅವರನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರುವುದು ಇವನೇ ಅಂತ ಗೊತ್ತಾಯಿತು. ಅವನು ಹೇಳಲಿಲ್ಲ, ನಾನು ಕೇಳಿರಲಿಲ್ಲ. ಆ ಎರಡು ಸಲದ ಬೈಗುಳಕ್ಕೆ ಅವನ ಹತ್ತಿರ ಕ್ಷಮೆ ಕೇಳಿದೆ. ದಯವಿಟ್ಟು ಇಂಥದ್ದನ್ನು ಮೊದಲೇ ಹೇಳಿ.

ಡಬ್ಲ್ಯುಡಬ್ಲ್ಯುಎಸ್, ಎಸ್‌ಎಸ್‌ಪಿ ಅಂದರೇನು?

ವಾಕ್ ವಿತ್ ಎ ಸ್ಕಾಲರ್ ಅನ್ನುವುದು ಚೆನ್ನಾಗಿ ಓದುವ ಮಕ್ಕಳಿಗೆ ಮಾರ್ಗದರ್ಶಕರನ್ನು ಕೊಡುವ ಕೇರಳ ಸರಕಾರದ ಯೋಜನೆ. ಸ್ಕಾಲರ್ ಸಪೋರ್ಟ್ ಪ್ರೋಗ್ರಾಮ್, ಅಂದರೆ ಎಸ್‌ಎಸ್‌ಪಿ, ಓದಿನಲ್ಲಿ ಹಿಂದೆ ಬಿದ್ದವರಿಗೆ ಹೆಚ್ಚಿನ ಪಾಠ ಕೊಡುವ ಯೋಜನೆ. ಎಸ್‌ಎಸ್‌ಪಿ ಪಟ್ಟಿಯಲ್ಲಿ ಹೆಸರು ಬಂದರೆ ಅವಮಾನ ಅಲ್ಲ, ಉಚಿತ ಟ್ಯೂಷನ್ ಅಂತ ತಿಳಿಯಿರಿ. ಕರ್ನಾಟಕದಲ್ಲಿ ಓದುವ ನಿಮ್ಮ ಅತ್ತೆ ಮಗಳು ಎಸ್‌ಎಸ್‌ಪಿ ಅಂದರೆ ಅದು ಬೇರೆ, ಅಲ್ಲಿನ ಸ್ಕಾಲರ್‌ಶಿಪ್ ಪೋರ್ಟಲ್.

ಎಬಿಸಿ ಐಡಿ, ಅಪಾರ್ ಐಡಿ ಕೇಳುತ್ತಾರೆ. ಯಾಕೆ?

ಕ್ರೆಡಿಟ್ ಇಡುವ ಬ್ಯಾಂಕ್ ಖಾತೆ ಅಂತ ತಿಳಿಯಿರಿ. ಎಬಿಸಿ 2021ರಲ್ಲಿ ಶುರುವಾಯಿತು. 12 ಅಂಕಿಯ ಸಂಖ್ಯೆ, ಡಿಜಿಲಾಕರಿನಲ್ಲಿ ಸಿಗುತ್ತದೆ. ಆಧಾರಿನಲ್ಲಿರುವ ಹೆಸರೂ ಹತ್ತನೆಯ ಸರ್ಟಿಫಿಕೇಟಿನ ಹೆಸರೂ ಒಂದೇ ಇರಬೇಕು. ನಮ್ಮ ಕಡೆ ಮನೆ ಹೆಸರು, ಅಪ್ಪನ ಹೆಸರು, ಇನಿಶಿಯಲ್ ಮುಂದೆಯೋ ಹಿಂದೆಯೋ ಅನ್ನುವುದರಲ್ಲಿ ತುಂಬಾ ಗೊಂದಲ. ಮೊದಲ ಸೆಮಿಸ್ಟರಿನಲ್ಲೇ ಸರಿ ಮಾಡಿಸಿ.

ಮಂಗಳೂರಿನಲ್ಲಿ ಸೇರುತ್ತೇನೆ. ಅಲ್ಲಿ ಇದೇ ಪದಗಳಾ?

ಗಡಿಯ ತಲಪಾಡಿ ದಾಟಿದರೆ ಪದಗಳು ಬದಲಾಗುತ್ತವೆ. ನಮ್ಮ ಪ್ಲಸ್ ಟು ಅಲ್ಲಿ ಪಿಯುಸಿ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂದು, 2024ರಿಂದ ಮತ್ತೆ ಮೂರು ವರ್ಷಕ್ಕೆ ಹೋಯಿತು. ಅಂದರೆ ಇಲ್ಲಿ ಶುರುವಾದ ವರ್ಷವೇ ಅಲ್ಲಿ ನಿಂತಿತು. ಅಣ್ಣ ಅಲ್ಲಿ, ತಂಗಿ ಇಲ್ಲಿ ಓದುವ ಮನೆಗಳಲ್ಲಿ ಗೊಂದಲ ಆಗುವುದು ಇದಕ್ಕೇ. ನಮ್ಮ ಸಪ್ಲಿಯನ್ನು ಅಲ್ಲಿ ಬ್ಯಾಕ್ ಅನ್ನುತ್ತಾರೆ. ಕೊಯಮತ್ತೂರಿಗೆ ಹೋದವರು ಅರಿಯರ್ ಅನ್ನುತ್ತಾರೆ, ಮುಂಬೈಯ ನೆಂಟರು ಎಟಿಕೆಟಿ ಅನ್ನುತ್ತಾರೆ. ಎಲ್ಲವೂ ಬಾಕಿ ಉಳಿದ ಪೇಪರಿನ ಮಾತೇ.

ಸೇರುವ ಮುಂಚೆ ಕಾಲೇಜು ಯಾವ ತರದ್ದು ಅಂತ ಕೇಳಿ. ಅಟಾನಮಸ್ ಕಾಲೇಜು ಅಂದರೆ ಪಠ್ಯ, ಪರೀಕ್ಷೆ ಅವರದ್ದೇ, ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ಡೀಮ್ಡ್ ಅಂದರೆ ಡಿಗ್ರಿಯನ್ನೂ ಅವರೇ ಕೊಡುತ್ತಾರೆ. ಕರ್ನಾಟಕದ ಸ್ಕಾಲರ್‌ಶಿಪ್ ಅಲ್ಲಿನ ನಿವಾಸಿಗಳಿಗೆ. ಕನ್ನಡದವರು ಅಂದ ಮಾತ್ರಕ್ಕೆ ನಮಗೆ ಸಿಗುವುದಿಲ್ಲ. ಫೀಸಿನ ಲೆಕ್ಕ ಹಾಕುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಟಿಸಿ, ಮೈಗ್ರೇಶನ್, ಪ್ರೊವಿಷನಲ್, ಎಲಿಜಿಬಿಲಿಟಿ. ಇವುಗಳ ವ್ಯತ್ಯಾಸ?

ಟಿಸಿ ಕಾಲೇಜು ಬಿಡುವಾಗ ಕಾಲೇಜು ಕೊಡುವುದು. ಮೈಗ್ರೇಶನ್ ಒಂದು ಬೋರ್ಡು ಅಥವಾ ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯವರು ಕೊಡುವುದು. ಎಲಿಜಿಬಿಲಿಟಿ, ನೀವು ಓದಿದ್ದನ್ನು ಒಪ್ಪುತ್ತೇವೆ ಅಂತ ಹೊಸ ವಿಶ್ವವಿದ್ಯಾಲಯ ಕೊಡುವುದು. ಪ್ರೊವಿಷನಲ್ ಅಂದರೆ ಅಸಲು ಡಿಗ್ರಿ ಸರ್ಟಿಫಿಕೇಟ್ ಬರುವವರೆಗಿನ ತಾತ್ಕಾಲಿಕ ಕಾಗದ. ಅಸಲು ಕಾಗದ ಯಾರ ಕೈಗೆ ಕೊಟ್ಟರೂ ಕೊಡುವ ಮುಂಚೆ ನಾಲ್ಕು ಜೆರಾಕ್ಸ್ ಮಾಡಿಸಿ.

ಸ್ಕಾಲರ್‌ಶಿಪ್ಪಿಗೆ ಏನೇನು ಬೇಕು?

ಎಸ್‌ಸಿ, ಎಸ್‌ಟಿ, ಒಇಸಿ (ಇತರ ಅರ್ಹ ಸಮುದಾಯ), ಒಬಿಸಿ ಮಕ್ಕಳ ಫೀಸು ರಿಯಾಯಿತಿ ಇ-ಗ್ರಾಂಟ್ಸ್ ಪೋರ್ಟಲಿನಲ್ಲಿ. ಕೇಂದ್ರದ್ದು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ. ಆದಾಯ, ಜಾತಿ ಸರ್ಟಿಫಿಕೇಟಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಿಂದ ವಿಲೇಜ್ ಆಫೀಸಿಗೆ ಅರ್ಜಿ ಹೋಗಬೇಕು. ಕಾಲೇಜು ಶುರುವಾಗುವ ಮುಂಚೆಯೇ ಮಾಡಿಸಿಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಹೆದರದೆ ಬಳಸಿ.

ನಾವು ಹೆಚ್ಚು ಓದಿದವರಲ್ಲ. ಪಿಟಿಎ, ಅಂದರೆ ಅಪ್ಪ ಅಮ್ಮ ಮತ್ತು ಟೀಚರುಗಳ ಮೀಟಿಂಗಿಗೆ ಬಂದು ಏನು ಮಾಡುವುದು?

ಖಂಡಿತ ಬನ್ನಿ. ಎರಡು ಪ್ರಶ್ನೆ ಕೇಳಿ ಸಾಕು. ಮಗಳ ಹಾಜರಿ ಎಷ್ಟಿದೆ? ಯಾವುದಾದರೂ ಪೇಪರ್ ಬಾಕಿ ಇದೆಯಾ? ಕಳೆದ ಸಲ ಒಬ್ಬರು ಅಮ್ಮ ಬೀಡಿ ಕಟ್ಟುವ ಕೆಲಸ ಬಿಟ್ಟು ಎರಡು ಬಸ್ಸು ಬದಲಿಸಿ ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕೂತು ಕೊನೆಯವರೆಗೆ ಏನೂ ಮಾತಾಡಲಿಲ್ಲ. ಹೋಗುವಾಗ ತುಳುವಿನಲ್ಲಿ ಮೆಲ್ಲ ಕೇಳಿದ್ದು ಇದನ್ನೇ. ಅವರ ಮಗಳಿಗೆ ಒಂದು ಪೇಪರ್ ಬಾಕಿ ಇತ್ತು. ಫೀಸು ಕಟ್ಟಲು ಇನ್ನೂ ಎರಡು ದಿನ ಇತ್ತು. ಅಲ್ಲೇ ಕೂತು ಫಾರ್ಮ್ ತುಂಬಿಸಿದೆವು.

ತುಂಬಾ ಬೇಸರ ಆಗುತ್ತಿದೆ. ಕಾಲೇಜು ಬಿಡಬೇಕು ಅನ್ನಿಸುತ್ತದೆ.

ಬಿಡುವ ಮುಂಚೆ ಒಬ್ಬರ ಹತ್ತಿರ ಮಾತಾಡಿ. ಸರಕಾರಿ ಕಾಲೇಜುಗಳಲ್ಲಿ ಜೀವನಿ ಅನ್ನುವ ಯೋಜನೆಯಲ್ಲಿ ಕೌನ್ಸಿಲರ್ ಇರುತ್ತಾರೆ. ನೀವು ಅವರಿಗೆ ಹೇಳಿದ್ದು ಕ್ಲಾಸಿನವರಿಗೆ ಗೊತ್ತಾಗುವುದಿಲ್ಲ. ರಾತ್ರಿ ಹೊತ್ತಲ್ಲಿ ತಡೆಯಲಾಗದಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಡ. ಯಾರಾದರೂ ರ‍್ಯಾಗಿಂಗ್ ಮಾಡುತ್ತಿದ್ದರೆ ಯುಜಿಸಿಯ ಸಹಾಯವಾಣಿ 1800-180-5522. ಹಾಸ್ಟೆಲ್ ಸರಿ ಬರದೆ, ಭಾಷೆ ಗೊತ್ತಾಗದೆ, ಊಟ ಸೇರದೆ ಮೊದಲ ತಿಂಗಳಲ್ಲೇ ಟಿಸಿ ಕೇಳಲು ಬಂದವರು ಎಷ್ಟೋ ಮಂದಿ. ನಾನು ಅವರಿಗೆ ಹೇಳುವುದು, ಮೊದಲ ಇಂಟರ್ನಲ್ ಬರೆಯುವವರೆಗೆ ಇರಿ, ಆಮೇಲೆ ಬನ್ನಿ, ಆಗಲೂ ಬೇಕು ಅಂದರೆ ನಾನೇ ಅರ್ಜಿ ಬರೆದುಕೊಡುತ್ತೇನೆ ಅಂತ. ಹೆಚ್ಚಿನವರು ಆಮೇಲೆ ಬಂದದ್ದು ಎಸ್‌ಜಿಪಿಎ ಲೆಕ್ಕ ಕೇಳಲು.